ಕುರ್ಚಿಯ ಹೊಟ್ಟೆಯಲ್ಲಿ ಸಿಕ್ಕ ಓಲೆ

ಸೋಫಾ ಮೇಸ್ತ್ರಿ ದೂರದಲ್ಲಿ ಬರುತ್ತಿರುವುದನ್ನು ಕಂಡರೆ ಊರಿನ ಸೋಫಾಗಳೆಲ್ಲ ಹೊಟ್ಟೆ ಬಿಗಿಹಿಡಿದುಕೊಳ್ಳುತ್ತಿದ್ದವು ಎಂದರೆ ಅದರಲ್ಲಿ ಉತ್ಪ್ರೇಕ್ಷೆ ಸ್ವಲ್ಪವೇ. ಕೈಯಲ್ಲಿ ಮೊಳೆ ಕೀಳುವ ಇಕ್ಕಳ, ಹೆಗಲ ಮೇಲೆ ಅಳತೆಯ ಟೇಪು, ಸೊಂಟದಲ್ಲಿ ಬಾಗಿದ ದಬ್ಬಳ. ಇಷ್ಟೇ ಆಯುಧಗಳೊಡನೆ ಅವನು ದಂಡೆತ್ತಿ ಹೋದನೆಂದರೆ ಎಂಥ ಮನೆತನದ ಸೋಫಾ ಆಗಿರಲಿ, ಅದರ ಮುತ್ತಜ್ಜ ಯಾವ ಬಂಗಲೆಯಲ್ಲಿ ಮೆರೆದಿರಲಿ, ಕಾಫಿ ಆರುವಷ್ಟರಲ್ಲಿ ನಾರು, ಸ್ಪ್ರಿಂಗು, ಫೋಮು ಎಲ್ಲವನ್ನೂ ನೆಲದ ಮೇಲೆ ಕಕ್ಕಿ ಶರಣಾಗುತ್ತಿತ್ತು.

ಈ ಯುದ್ಧಕ್ಕೂ ಒಂದು ನಿಯಮವಿತ್ತು. ಮನೆಯವರು ವರ್ಷಗಟ್ಟಲೆ ಹುಡುಕಿ, ಒಬ್ಬರ ಮೇಲೊಬ್ಬರು ಗೂಬೆ ಕೂರಿಸಿ, ಕೊನೆಗೆ ಮರೆತೇಬಿಟ್ಟ ಸಾಮಾನೆಲ್ಲ ಸೋಫಾದ ಹೊಟ್ಟೆಯಲ್ಲಿರುತ್ತದೆ. ಬೀಗದ ಕೈ, ಪೆನ್ನಿನ ಮುಚ್ಚಳ, ಮಕ್ಕಳ ಹಾಲುಹಲ್ಲು, ರಿಮೋಟಿನ ಹಿಂಬದಿ. ಸಿಕ್ಕಿದ್ದು ಏನೇ ಇರಲಿ, ಸೋಫಾಕ್ಕೆ ಹೊದಿಸಿದ ಹೊಸ ಬಟ್ಟೆಯದೇ ಚೂರಿನಲ್ಲಿ ಪುಟ್ಟ ಚೀಲ ಹೊಲಿದು, ಅದರಲ್ಲಿ ತುಂಬಿ, ಸೋಫಾದ ಕಾಲಿಗೆ ಕಟ್ಟಿಯೇ ಕಳಿಸಬೇಕು. ಇದು ಮೇಸ್ತ್ರಿಗೆ ಕೆಲಸ ಕಲಿಸಿದವನು ಕಿವಿ ಹಿಂಡಿ ಕಲಿಸಿದ ಪಾಠ. ಅದಕ್ಕೆ ಅವರಲ್ಲಿ ‘ಗಂಟು’ ಎಂದು ಹೆಸರು. ಗಂಟಿಲ್ಲದೆ ಯಾವ ಸೋಫಾವೂ ಮೇಸ್ತ್ರಿಯ ಹೊಸ್ತಿಲು ದಾಟಿದ್ದಿಲ್ಲ.

“ಬರೀ ಕಡಲೆಸಿಪ್ಪೆ ಇದ್ಯಲ್ಲಯ್ಯ ಇದರಲ್ಲಿ! ಇದನ್ಯಾಕೆ ಕಟ್ಟಿಕೊಟ್ಟೆ?” ಎಂದು ಒಬ್ಬ ಗಿರಾಕಿ ನಕ್ಕಿದ್ದುಂಟು.

“ನಿಮ್ಮ ಮನೆ ಸಿಪ್ಪೆ ಸ್ವಾಮಿ. ನಾನ್ಯಾಕೆ ಇಟ್ಕೊಳ್ಲಿ?” ಎಂದು ಮೇಸ್ತ್ರಿ ಗಂಭೀರವಾಗಿಯೇ ಉತ್ತರಿಸಿದ್ದ.

ಜನ ತಮ್ಮ ಮನೆಯ ಗುಟ್ಟನ್ನೆಲ್ಲ ನುಂಗಿಕೊಂಡ ಸೋಫಾವನ್ನು ಕಣ್ಣುಮುಚ್ಚಿ ಅವನ ಅಂಗಡಿಯಲ್ಲಿ ಬಿಟ್ಟುಹೋಗುತ್ತಿದ್ದರೆಂದರೆ ಅದು ಈ ಗಂಟಿನ ಮಹಿಮೆ.

ಆದರೆ ಮಹಿಮೆಗೂ ಕಾಲ ಕೆಡುತ್ತದೆ. ಪೆಟ್ಟಿಗೆಯಲ್ಲಿ ಮಡಚಿ ಮನೆಗೆ ಬಂದು, ಮೂರು ವರ್ಷ ಕೂರಿಸಿಕೊಂಡು, ನಾಲ್ಕನೆಯ ವರ್ಷ ನಡು ಮುರಿದುಕೊಂಡು ಕಸದ ಗಾಡಿ ಹತ್ತುವ ಸೋಫಾಗಳು ಬಂದವು. ಅವುಗಳ ಹೊಟ್ಟೆಯಲ್ಲಿ ಏನಿದೆಯೆಂದು ಕೇಳುವವರಿಲ್ಲ, ಬಿಚ್ಚುವವರಿಲ್ಲ. ಮೇಸ್ತ್ರಿಯ ಅಂಗಡಿ ಎರಡು ಕಟ್ಟಡಗಳ ನಡುವೆ ಸಿಕ್ಕಿಹಾಕಿಕೊಂಡ ಉದ್ದನೆಯ ಕೋಣೆ. ಅದರಲ್ಲಿ ರಬ್ಬರ್ ಅಂಟಿನ ವಾಸನೆ ದಿನೇದಿನೇ ಕಡಿಮೆಯಾಗಿ ಮೇಸ್ತ್ರಿಯ ಆಕಳಿಕೆ ದಿನೇದಿನೇ ಹೆಚ್ಚಾಯಿತು. ಅಂಥ ಹೊತ್ತಿನಲ್ಲಿ ಅವನ ಹೆಂಡತಿಯ ತಮ್ಮ ಅವತಾರವೆತ್ತಿದ.

ಈ ಭಾವಮೈದನಿಗೆ ಮನೆಯಲ್ಲಿಟ್ಟ ಅಡ್ಡಹೆಸರು ಡೈರೆಕ್ಟರ್. ಯಾವ ಸಿನಿಮಾವನ್ನೂ ಅವನು ಮಾಡಿರಲಿಲ್ಲ. ಊಟಕ್ಕೆ ಕೂತಾಗಲೂ “ಅಕ್ಕಾ, ತಟ್ಟೆ ಸ್ವಲ್ಪ ಈ ಕಡೆ, ಬೆಳಕು ಬೀಳ್ತಿಲ್ಲ” ಎನ್ನುವವನಾದ್ದರಿಂದ ಆ ಬಿರುದು. ಮೊಬೈಲ್ ರಿಪೇರಿ, ಮೀನಿನ ತೊಟ್ಟಿ ಮಾರಾಟ, ಪಾಲುದಾರಿಕೆಯ ಜಿಮ್ಮು ಇವನ್ನೆಲ್ಲ ಒಂದಾದ ಮೇಲೊಂದು ಮಣ್ಣುಪಾಲು ಮಾಡಿ, ವೀರಯೋಧ ಗಾಯಗಳನ್ನು ತೋರಿಸುವಂತೆ ಆ ಸೋಲುಗಳನ್ನೆಲ್ಲ ಹೇಳಿಕೊಳ್ಳುತ್ತಾ ಅಂಗಡಿಯಲ್ಲಿ ಬಂದು ಕೂರುತ್ತಿದ್ದ. ಒಂದು ದಿನ ಮೇಸ್ತ್ರಿ ಹಳೆಯ ಸೋಫಾವೊಂದರ ಹೊಟ್ಟೆ ಬಗೆದಾಗ ಒಳಗಿಂದ ಒಂದು ಜೊತೆ ಕಟ್ಟಿಸಿದ ಹಲ್ಲು ಟಣ್ಣನೆ ಬಿದ್ದು ನೆಲದ ಮೇಲೆ ಹಲ್ಲು ಕಿರಿಯಿತು. ಮೇಸ್ತ್ರಿ ಬೆಚ್ಚಿ ಹಿಂದಕ್ಕೆ ಹಾರಿದ. ಡೈರೆಕ್ಟರ್ ಅದನ್ನು ಫೋನಿನಲ್ಲಿ ಹಿಡಿದು, ಕಣ್ಣು ಮಿಟುಕಿಸುವಷ್ಟು ಚಿಕ್ಕ ವಿಡಿಯೋ ಮಾಡಿ ಹರಿಯಬಿಟ್ಟ. ಮಾರನೆಯ ದಿನದ ಹೊತ್ತಿಗೆ ಲಕ್ಷಗಟ್ಟಲೆ ಜನ ಆ ಹಲ್ಲನ್ನು ನೋಡಿದ್ದರು. ಆ ಹಲ್ಲಿನ ಒಡೆಯ ಬದುಕಿದ್ದಾಗ ಅಷ್ಟು ಜನ ಅವನ ಮುಖ ನೋಡಿರಲಿಕ್ಕಿಲ್ಲ.

“ನೋಡೋದಕ್ಕೆ ದುಡ್ಡು ಯಾರು ಕೊಡ್ತಾರೋ?” ಎಂದು ಮೇಸ್ತ್ರಿ ಕೇಳಿದ.

“ನೋಡೋರು ಕೊಡಲ್ಲ ಭಾವ. ನೋಡೋರ ಕಣ್ಣನ್ನೇ ನಾವು ಮಾರ್ತೀವಿ.”

“ಕಣ್ಣು ಅವರದಲ್ವೇನೋ?”

“ಅದಕ್ಕೇ ಲಾಭ!” ಎಂದು ಡೈರೆಕ್ಟರ್ ತೊಡೆ ತಟ್ಟಿದ.

ಕಣ್ಣಿನ ವ್ಯಾಪಾರ ಮೊದಲು ಟೀ ಖರ್ಚಿಗೂ ಸಾಲಲಿಲ್ಲ. ಲಕ್ಷ ಜನ ನೋಡಿದರೆ ಕೈಗೆ ಬರುತ್ತಿದ್ದದ್ದು ಲಕ್ಷ ಇರುವೆ ಸಾಲಾಗಿ ಹೊತ್ತು ತಂದ ಸಕ್ಕರೆಯಷ್ಟು. ಆದರೆ ಡೈರೆಕ್ಟರ್ ಬಿಡುವ ಗಿರಾಕಿಯಲ್ಲ. ಅಂಟಿನ ಕಂಪನಿಯೊಂದನ್ನು ಹಿಡಿದು ತಂದ. ಮೇಸ್ತ್ರಿ ಇನ್ನುಮೇಲೆ ಅವರ ಡಬ್ಬಿಯ ಹೆಸರು ಕಾಣುವ ಹಾಗೆಯೇ ಅಂಟು ಬಳಿಯಬೇಕು. ಅದರಲ್ಲಿ ಫೋಮು ಅಂಟದಿದ್ದರೆ ಕ್ಯಾಮೆರಾ ಆಫ್ ಆದ ಮೇಲೆ ತನ್ನ ಹಳೆಯ ಅಂಟು ಬಳಿಯಬಹುದು. ವಿಡಿಯೋದ ಕೆಳಗೆ ಇಕ್ಕಳಕ್ಕೊಂದು ಲಿಂಕು, ದಬ್ಬಳಕ್ಕೊಂದು ಲಿಂಕು. ಯಾರೋ ಎಲ್ಲೋ ಅದನ್ನೊತ್ತಿ ಇಕ್ಕಳ ಕೊಂಡರೆ ಇಲ್ಲಿ ಇವರಿಗೆ ಕಮಿಷನ್ನು. “ಮನೆಯಲ್ಲೇ ಕೂತು ಮೇಸ್ತ್ರಿಯಾಗಿ” ಎಂಬ ಆನ್‌ಲೈನ್ ಕೋರ್ಸು ಬೇರೆ. ಅದರಲ್ಲಿ ಮೇಸ್ತ್ರಿ ನಗುತ್ತಾ ಹೆಬ್ಬೆರಳು ಎತ್ತಿ ನಿಂತಿದ್ದ. ಪಾಠವನ್ನು ಮಾತ್ರ ಡೈರೆಕ್ಟರೇ ಹೇಳಿದ್ದ, ಅವನು ಜನ್ಮದಲ್ಲಿ ಒಂದು ಮೊಳೆ ಹೊಡೆದವನಲ್ಲ. ಇದಕ್ಕೆಲ್ಲ ಕಳಶವಿಟ್ಟಂತೆ ಒಂದು ದೊಡ್ಡ ಪೀಠೋಪಕರಣದ ಮಳಿಗೆಯವರು, “ಹಳೆಯದನ್ನು ಎಸೆಯಿರಿ, ಹೊಸದನ್ನು ಒಯ್ಯಿರಿ” ಎಂಬ ತಮ್ಮ ಜಾಹೀರಾತನ್ನು ಹಳೆಯ ಸೋಫಾ ರಿಪೇರಿ ಮಾಡುವ ಮೇಸ್ತ್ರಿಯ ಬಾಯಿಂದಲೇ ಹೇಳಿಸಿದರು. ಮೇಸ್ತ್ರಿ ಹೇಳಿದ. ಅವನ ಹೆಂಡತಿ ಆ ತಿಂಗಳು ಅಡುಗೆಮನೆಯ ಸೋರುವ ಸಿಂಕನ್ನು ಬದಲಾಯಿಸಿದಳು.

ತೊಂದರೆ ಬಂದದ್ದು ಸೋಫಾಗಳಿಂದ. ಲೋಕ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರೂ ಅವು ದಿನಾ ಕಟ್ಟಿಸಿದ ಹಲ್ಲು ಹೆರಲು ಒಪ್ಪಲಿಲ್ಲ. ಬಿಚ್ಚಿದರೆ ಬಿಸ್ಕತ್ತಿನ ಪುಡಿ, ತಲೆಪಿನ್ನು, ಧೂಳು. ಡೈರೆಕ್ಟರ್ ಎರಡು ದಿನ ಗಡ್ಡ ಕೆರೆದುಕೊಂಡ. ಮೂರನೆಯ ದಿನ ಒಂದು ಸೋಫಾದಲ್ಲಿ ಹಳೆಯ ಕಾಲದ ನಾಣ್ಯ ಸಿಕ್ಕಿತು. ಅದನ್ನು ಅವನೇ ತಂದು ಇಟ್ಟಿದ್ದ.

“ಇದು ಮೋಸ ಅಲ್ವೇನೋ?” ಎಂದ ಮೇಸ್ತ್ರಿ.

“ಯಾರಿಗೆ ಮೋಸ? ಸೋಫಾದವರದು ಏನಾದ್ರೂ ಕದ್ವಾ? ನಮ್ಮದೇ ನಾಣ್ಯ ಇಟ್ವಿ, ನಮ್ಮದೇ ನಾಣ್ಯ ತೆಗೆದ್ವಿ. ನೀನು ಸ್ವಲ್ಪ ಆಶ್ಚರ್ಯಪಡು, ಅಷ್ಟೇ.”

ಮೇಸ್ತ್ರಿ ಆಶ್ಚರ್ಯಪಟ್ಟ.

“ಭಾವ, ಇದು ಆಶ್ಚರ್ಯ ಅಲ್ಲ, ದವಡೆ ನೋವು. ಇನ್ನೊಂದ್ಸಲ.”

ಹತ್ತಾರು ಸಲ ಪ್ರಯತ್ನಪಟ್ಟರೂ ಮೇಸ್ತ್ರಿಯ ಮುಖದಲ್ಲಿ ದವಡೆ ನೋವು ಹೋಗಿ ಹೊಟ್ಟೆ ನೋವು ಬಂತೇ ಹೊರತು ಆಶ್ಚರ್ಯ ಬರಲಿಲ್ಲ. ಡೈರೆಕ್ಟರ್ ಕೈಮುಗಿದು, “ಆಯ್ತು ಬಿಡು ಭಾವ, ನಿನಗೆ ಇಷ್ಟ ಇಲ್ಲ ಅಂದ್ರೆ ಇನ್ಮೇಲೆ ಇಡೋದೇ ಇಲ್ಲ” ಎಂದ. ಮೇಸ್ತ್ರಿಗೆ ಎದೆ ಹಗುರಾಯಿತು. ಅದಾದ ಮೇಲೆ ಸೋಫಾಗಳು ಏನೋ ಪುಣ್ಯಕ್ಕೆ ತಾವಾಗಿಯೇ ಉದಾರವಾದವು. ಒಂದರಲ್ಲಿ ಸಣ್ಣ ಗಡಿಯಾರ, ಇನ್ನೊಂದರಲ್ಲಿ ಗೊಂಬೆಯ ಕೈ. ಪ್ರತಿ ಸಲವೂ ಮೇಸ್ತ್ರಿ ಮನಸ್ಸು ತುಂಬಿ ಬೆರಗಾದ. ಲೋಕವೂ ಅವನ ಜೊತೆ ಬೆರಗಾಯಿತು. ಡೈರೆಕ್ಟರ್ ಸೋಫಾ ಬಿಚ್ಚುವ ಮೊದಲು ಕೈ ಹಾಕಿ ಇಡುತ್ತಿದ್ದುದೂ, ಮೇಸ್ತ್ರಿ ಗಂಟು ಕಟ್ಟಿದ ಮೇಲೆ ಅದನ್ನು ಬಿಚ್ಚಿ ತನ್ನ ಸಾಮಾನನ್ನು ಎತ್ತಿಕೊಳ್ಳುತ್ತಿದ್ದುದೂ ಲೋಕಕ್ಕೂ ಗೊತ್ತಿರಲಿಲ್ಲ, ಮೇಸ್ತ್ರಿಗೂ ಗೊತ್ತಿರಲಿಲ್ಲ.

ಹೀಗಿರುವಾಗ ಟೈಪಿಸ್ಟರ ಕುರ್ಚಿ ಬಂತು.

ಟೈಪಿಸ್ಟರು ಕೋರ್ಟಿನಲ್ಲಿ ಬೆರಳಚ್ಚು ಮಾಡಿ ನಿವೃತ್ತರಾದವರು. ಮೇಸ್ತ್ರಿಯ ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು ಪೇಪರ್ ಓದುವುದು ಅವರ ದಿನದ ಕೆಲಸವಾಗಿತ್ತು. ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಮಾತಾಡುವಾಗಲೂ ಮಾತನ್ನು ಮೊಣಕಾಲ ಮೇಲೆ ಕುಟ್ಟುತ್ತಿದ್ದರು. ಕಳೆದ ವರ್ಷ ತೀರಿಕೊಂಡರು. ಅವರ ಹೆಂಡತಿ ಕುರ್ಚಿಯನ್ನು ಗಾಡಿಯಿಂದ ಇಳಿಸಿ, ಅದರ ತೋಳಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದಳು.

“ಮೇಸ್ತ್ರಿ, ಇದೇ ಬಣ್ಣದ ಬಟ್ಟೆ ಹಾಕಬೇಕು. ಅವರಿದ್ದಾಗ ಇದರಲ್ಲಿ ನಾನು ಒಂದು ದಿನ ಕೂತವಳಲ್ಲ. ಯಾರನ್ನೂ ಕೂರೋಕೆ ಬಿಡ್ತಿರಲಿಲ್ಲ ಪುಣ್ಯಾತ್ಮ. ಇನ್ನು ನಾನು ಕೂತ್ಕೋತೀನಿ. ಸಾಯಂಕಾಲ ಇದರಲ್ಲಿ ಕೂತರೆ ಪಕ್ಕದಲ್ಲೇ ಇದ್ದ ಹಾಗಿರತ್ತೆ.”

“ಮಗು ಥರ ನೋಡ್ಕೋತೀನಿ ಅಮ್ಮಾವ್ರೇ.”

ಡೈರೆಕ್ಟರ್ ಕುರ್ಚಿಯನ್ನು ನೋಡಿದ, ಆಕೆಯ ಕಣ್ಣನ್ನು ನೋಡಿದ. ಅವನೊಳಗಿನ ಕಲಾವಿದ ಕಿವಿ ನಿಮಿರಿಸಿದ.

ಮಾರನೆಯ ದಿನ ಕ್ಯಾಮೆರಾದ ಮುಂದೆ ಮೇಸ್ತ್ರಿ, “ಇದು ನಮ್ಮ ಟೈಪಿಸ್ಟರ ಕುರ್ಚಿ. ನನ್ನ ದೋಸ್ತು. ಈಗಿಲ್ಲ” ಎಂದು ಶುರುಮಾಡಿದ. ಸೀಟು ಬಿಚ್ಚಿದ. ಒಂದು ಪೆನ್ಸಿಲ್ ಚೂರು, ಒಂದು ಬಸ್ ಟಿಕೀಟು, ಮತ್ತೆ ಬಲಗಡೆಯ ಹಿಂದಿನ ಮೂಲೆಯಿಂದ ಹಸಿರು ಕಲ್ಲಿನ ಒಂಟಿ ಓಲೆ. ಮೇಸ್ತ್ರಿಯ ಮುಖ ಅರಳಿತು. “ಅಯ್ಯೋ! ನೋಡಿ, ಅಮ್ಮಾವ್ರು ಎಷ್ಟು ವರ್ಷದಿಂದ ಹುಡುಕ್ತಿದ್ರೋ ಏನೋ!” ಎಂದು ಅದನ್ನು ಬೆಳಕಿಗೆ ಹಿಡಿದ. ಅಂಥ ಅಪ್ಪಟ ಸಂತೋಷವನ್ನು ಯಾವ ನಟನೂ ತಂದುಕೊಡಲಾರ. ಡೈರೆಕ್ಟರ್ ಆ ಮುಖವನ್ನು ಹತ್ತಿರದಿಂದ ಹಿಡಿದು ಹರಿಯಬಿಟ್ಟ.

ಕುರ್ಚಿ ಮನೆಗೆ ಹೊರಟ ದಿನ ಡೈರೆಕ್ಟರ್ ಅಂಟಿನ ಕಂಪನಿಯವರ ಜೊತೆ ವರ್ಷದ ಒಪ್ಪಂದದ ಮಾತಿಗೆ ಹೋಗಿದ್ದ. ಗಂಟು ಬಿಚ್ಚಿ ಜರಡಿ ಹಿಡಿಯುವವರು ಯಾರೂ ಇರಲಿಲ್ಲ. ಮೇಸ್ತ್ರಿ ಪೆನ್ಸಿಲ್ ಚೂರು, ಬಸ್ ಟಿಕೀಟು, ಓಲೆ ಮೂರನ್ನೂ ಕಂದು ಬಣ್ಣದ ಚೀಲದಲ್ಲಿ ಹಾಕಿ, ಕುರ್ಚಿಯ ಕಾಲಿಗೆ ಭದ್ರವಾಗಿ ಕಟ್ಟಿ, ತಾನೇ ಗಾಡಿಯ ಜೊತೆ ಹೋಗಿ ಇಳಿಸಿ ಬಂದ.

ಎರಡು ದಿನ ಬಿಟ್ಟು ಟೈಪಿಸ್ಟರ ಹೆಂಡತಿ ಅಂಗಡಿಗೆ ಬಂದಳು. ಅಂಗೈಯಲ್ಲಿ ಓಲೆಯಿತ್ತು.

“ಇದು ಎಲ್ಲಿ ಸಿಕ್ತು ಮೇಸ್ತ್ರಿ?”

“ನಿಮ್ಮ ಕುರ್ಚಿಯಲ್ಲೇ ಅಮ್ಮಾವ್ರೇ. ಬಲಗಡೆ, ಹಿಂದಿನ ಮೂಲೇಲಿ.”

“ಬಲಗಡೆ,” ಎಂದಳು ಆಕೆ. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು. “ನನ್ನ ಕಿವಿ ನೋಡಿ.”

ಮೇಸ್ತ್ರಿ ನೋಡಿದ. ಆಕೆಯ ಕಿವಿಯಲ್ಲಿ ಏನೂ ಇರಲಿಲ್ಲ, ತೂತೂ ಇರಲಿಲ್ಲ.

“ನಾನು ಹುಟ್ಟಿದಾಗಿಂದ ಓಲೆ ಹಾಕಿದವಳಲ್ಲ. ನನಗೆ ಹೆಣ್ಣುಮಕ್ಕಳಿಲ್ಲ. ಆ ಕುರ್ಚಿಯಲ್ಲಿ ಅವರೊಬ್ಬರೇ ಕೂರ್ತಿದ್ದದ್ದು. ಒಬ್ಬರೇ ಕೂರೋ ಕುರ್ಚಿ ಅದು.” ಕೊನೆಯ ಮಾತು ಹೇಳುವಾಗ ಆಕೆಯ ಧ್ವನಿ ಎಲ್ಲೋ ಜಾರಿತು. “ನಮ್ಮ ಓರಗಿತ್ತಿ ನಿಮ್ಮ ವಿಡಿಯೋ ತೋರಿಸಿದಳು. ಕೆಳಗೆ ಜನ ಬರೆದಿದ್ದನ್ನೂ ಓದಿ ಹೇಳಿದಳು, ಬೇಡ ಅಂದರೂ ಕೇಳದೆ. ‘ಕುರ್ಚಿ ಒಂದು, ಕೂತೋರಿಬ್ಬರು’ ಅಂತ ಯಾರೋ ಬರೆದಿದಾರೆ.”

ಆಕೆ ಓಲೆಯನ್ನು ಕರವಸ್ತ್ರದಲ್ಲಿ ಮಡಚಿಟ್ಟುಕೊಂಡು ಹೊರಟುಹೋದಳು.

ಆ ದಿನ ಮೇಸ್ತ್ರಿ ಊಟಕ್ಕೆ ಮನೆಗೆ ಹೋದಾಗ ಹೆಂಡತಿ ಕಪಾಟಿನೊಳಗೆ ತಲೆಯಿಟ್ಟು ಗೊಣಗುತ್ತಿದ್ದಳು. “ಈ ಮನೇಲಿ ಒಂದು ಸಾಮಾನು ಇಟ್ಟಕಡೆ ಇರಲ್ಲ. ನನ್ನ ಹಸಿರು ಕಲ್ಲಿನ ಓಲೆ ಒಂದೇ ಇದೆ ನೋಡ್ರೀ. ಇನ್ನೊಂದಕ್ಕೇನು ಕಾಲು ಬಂತೇ?”

ಮೇಸ್ತ್ರಿ ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದ. ಕಾಲು ಬಂದಿರಲಿಲ್ಲ, ಭಾವಮೈದನ ಕೈ ಬಂದಿತ್ತು.

ಪಕ್ಕದಲ್ಲೇ ಊಟಕ್ಕೆ ಕೂತಿದ್ದ ಡೈರೆಕ್ಟರ್ ಒಪ್ಪಿಕೊಳ್ಳಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. “ಗಂಟಿನಿಂದ ತೆಗೆದುಬಿಡ್ತಿದ್ದೆ ಭಾವ. ನೀನು ಅಷ್ಟು ಅರ್ಜೆಂಟಲ್ಲಿ ಕಳಿಸ್ತೀಯ ಅಂತ ಯಾರಿಗೆ ಗೊತ್ತು?” ಎಂದ. ತಪ್ಪು ಮೇಸ್ತ್ರಿಯದೇ ಎನ್ನುವ ಧಾಟಿಯಲ್ಲಿ ಮುಖ ಸಣ್ಣಗೆ ಮಾಡಿಕೊಂಡ.

ಮೇಸ್ತ್ರಿ ಊಟ ಬಿಟ್ಟು ಎದ್ದು ಟೈಪಿಸ್ಟರ ಮನೆಗೆ ನಡೆದ. ಕುರ್ಚಿ ಕಿಟಕಿಯ ಪಕ್ಕದಲ್ಲಿತ್ತು. ಆಕೆ ಅದರಲ್ಲಿ ಕೂತಿರದೆ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತಿದ್ದಳು, ಯಾರನ್ನೋ ವಿಚಾರಣೆ ಮಾಡುತ್ತಿರುವ ಹಾಗೆ. ಮೇಸ್ತ್ರಿ ಎಲ್ಲವನ್ನೂ ಹೇಳಿದ. ತನ್ನ ಭಾವಮೈದ ಇಟ್ಟದ್ದು, ತನಗೆ ಗೊತ್ತಿಲ್ಲದ್ದು, ಓಲೆ ತನ್ನ ಹೆಂಡತಿಯದು. ಹೇಳಿ ಮುಗಿಸಿ ಬೆವರೊರೆಸಿಕೊಂಡ.

ಆಕೆ ಮೆಲ್ಲಗೆ ನಕ್ಕಳು. ಆ ನಗುವನ್ನು ಕಂಡಿದ್ದರೆ ಡೈರೆಕ್ಟರ್ ಕೂಡ ಫೋನು ಕೆಳಗಿಡುತ್ತಿದ್ದ.

“ನೀವು ಒಳ್ಳೆಯವರು ಮೇಸ್ತ್ರಿ. ದಿನಾ ನಿಮ್ಮ ಅಂಗಡೀಲೇ ಕೂರ್ತಿದ್ರು ಅವರು. ದೋಸ್ತಿಗೋಸ್ಕರ ಹೆಂಡತಿ ಓಲೆ ಅಂತ ಹೇಳೋಕೂ ತಯಾರಾದ್ರಿ. ಸತ್ತವರ ಮಾನ ಕಾಯ್ತಿದೀರಿ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿದೀರಿ.”

“ಇಲ್ಲ ಅಮ್ಮಾವ್ರೇ! ಸುಳ್ಳು ಅದು, ಇದು ನಿಜ!”

“ಹೋಗಿ ಮೇಸ್ತ್ರಿ. ನಿಮ್ಮ ಊಟದ ಹೊತ್ತು.”

ಸುಳ್ಳನ್ನು ನಿಜವೆಂದು ಲಕ್ಷ ಜನ ಒಪ್ಪಿದ್ದರು. ನಿಜವನ್ನು ನಿಜವೆಂದು ಒಪ್ಪಿಸಲು ಒಬ್ಬ ಹೆಂಗಸಿನ ಮುಂದೆ ಮೇಸ್ತ್ರಿಯ ಕೈ ಸಾಗಲಿಲ್ಲ. ಆದರೆ ಅವನು ಅಷ್ಟಕ್ಕೇ ಸೋಲೊಪ್ಪುವ ಸೇನಾನಿಯಲ್ಲ. ಮಾರನೆಯ ಬೆಳಿಗ್ಗೆ ಹೆಂಡತಿಗೆ ಚೆನ್ನಾಗಿರುವ ಸೀರೆ ಉಡಿಸಿ, ಉಳಿದ ಓಲೆಯನ್ನು ಅಂಗೈಯಲ್ಲಿಟ್ಟು, ಸಾಕ್ಷಿ ಸಮೇತ ಎರಡನೆಯ ದಾಳಿಗೆ ಹೊರಟ.

ಟೈಪಿಸ್ಟರ ಹೆಂಡತಿ ಎರಡು ಓಲೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಜೋಡಿ ಸರಿಯಾಗಿಯೇ ಇತ್ತು. ಕನ್ನಡಕ ಸರಿಮಾಡಿಕೊಂಡು ಮೇಸ್ತ್ರಿಯ ಹೆಂಡತಿಯನ್ನು ಮುಡಿಯಿಂದ ಪಾದದವರೆಗೆ ನಿಧಾನವಾಗಿ ಅಳೆದಳು.

“ನೀವು ನಮ್ಮ ಮನೆಗೆ ಯಾವಾಗ ಬರ್ತಿದ್ರಿ? ನಾನು ಅಕ್ಕನ ಮನೆಗೆ ಹೋದಾಗಲಾ?”

ಮೇಸ್ತ್ರಿಯ ಹೆಂಡತಿಗೆ ಪ್ರಶ್ನೆಯ ಅರ್ಥ ಆಗಲು ಒಂದು ಗಳಿಗೆ ಹಿಡಿಯಿತು. ಆದ ಮೇಲೆ ಅವಳು ಬಾಯಿಬಿಟ್ಟದ್ದು ಬೀದಿಗೆಲ್ಲ ಕೇಳಿಸಿತು. ದಾರಿಯುದ್ದಕ್ಕೂ ಕೇಳಿಸಿತು.

“ನಿಮ್ಮ ಸತ್ಯಕ್ಕೆ ಬೆಂಕಿ ಬೀಳ! ಆ ಮುದುಕನ್ನ ನಾನು ಸರಿಯಾಗಿ ಮುಖ ಎತ್ತಿ ನೋಡಿದವಳಲ್ಲ. ಈ ವಯಸ್ಸಲ್ಲಿ ನನಗೊಂದು ಕಥೆ ಕಟ್ಟಿಸ್ಕೊಟ್ರಲ್ಲ. ನಾಳೆ ತರಕಾರಿ ಅಂಗಡೀಲಿ ಹೇಗೆ ನಿಂತ್ಕೊಳ್ಲಿ?”

“ನಿನ್ನ ತಮ್ಮ ತಾನೇ ಇಟ್ಟದ್ದು?”

“ಅವನು ಚಿಕ್ಕವನು, ಬುದ್ಧಿಯಿಲ್ಲದೆ ಇಟ್ಟ. ಗಂಟುಕಟ್ಟಿ ಮನೆವರೆಗೂ ಮುಟ್ಟಿಸಿ ಬಂದೋರು ಯಾರು?”

ಮೇಸ್ತ್ರಿ ನೇರವಾಗಿ ಅಂಗಡಿಗೆ ಹೋದ. ಡೈರೆಕ್ಟರನ ತೋಳು ಹಿಡಿದು ಕೇಳಿಕೊಂಡ. “ನೀನೇ ಬಂದು ಹೇಳೋ. ನಾನೇ ಇಟ್ಟೆ ಅಂತ ಒಂದು ಮಾತು. ಅಷ್ಟೇ.”

ಡೈರೆಕ್ಟರ್ ಗಲ್ಲ ಉಜ್ಜಿಕೊಂಡ. “ಹೇಳ್ತೀನಿ ಭಾವ, ಹೇಳ್ದೆ ಏನು. ಆದ್ರೆ ಹೊರಗೆ ಗೊತ್ತಾಗಬಾರದು. ಅಂಟಿನ ಕಂಪನಿಯವರು ‘ಎಲ್ಲ ಅಸಲಿ’ ಅಂತ ಬರೆಸ್ಕೊಂಡು ಸಹಿ ಹಾಕ್ತಿದಾರೆ.” ಸ್ವಲ್ಪ ತಡೆದು, ಕಣ್ಣು ಮಿನುಗಿಸಿ, “ಇಲ್ಲಾಂದ್ರೆ ಒಂದು ಕೆಲಸ ಮಾಡೋಣ. ನಾನು ಹೋಗಿ ಆಯಮ್ಮನ ಕಾಲು ಹಿಡೀತೀನಿ. ನೀನು ಬಾಗಿಲ ಸಂದೀಲಿ ನಿಂತ್ಕೊಂಡು ಫೋನಲ್ಲಿ…”

ಮೇಸ್ತ್ರಿ ಕೈಗೆ ಸಿಕ್ಕ ಫೋಮಿನ ತುಂಡನ್ನು ಅವನತ್ತ ಬೀಸಿದ. ಫೋಮಿನಿಂದ ಯಾರಿಗೂ ಪೆಟ್ಟಾಗುವುದಿಲ್ಲ. ಆ ದಿನ ಮೇಸ್ತ್ರಿಗೆ ಅದೇ ದುಃಖವಾಯಿತು.

ಅವನು ಮತ್ತೆ ಟೈಪಿಸ್ಟರ ಮನೆಯ ಬಾಗಿಲು ತಟ್ಟಿದ. ಆಕೆ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಹಿಂದೆ, ಗೋಡೆಯಲ್ಲಿ ಟೈಪಿಸ್ಟರ ಫೋಟೋ ಇದ್ದ ಕಡೆ ಮಾಸದ ಬಣ್ಣದ ಚೌಕ ಕಾಣಿಸುತ್ತಿತ್ತು.

“ಅಮ್ಮಾವ್ರೇ, ನಿಮಗೆ ನಂಬಿಕೆ ಬರೋಕೆ ನಾನೇನು ಮಾಡ್ಲಿ? ನೀವೇ ಹೇಳಿ.”

“ಲೋಕಕ್ಕೆಲ್ಲ ಒಂದು ತೋರಿಸ್ತೀರಿ, ನನ್ನ ಕಿವೀಲಿ ಬಂದು ಇನ್ನೊಂದು ಹೇಳ್ತೀರಿ. ನಿಮ್ಮ ಮಾತು ನಿಜ ಆಗಿದ್ರೆ ಅಲ್ಲೇ ಹೇಳಿ, ಎಲ್ಲರ ಮುಂದೆ. ನಿಮ್ಮ ಅಂಗಡಿ ಮುಳುಗುತ್ತೆ ಅಂತ ಗೊತ್ತಿದ್ದೂ ಹೇಳಿದ್ರೆ ನಂಬ್ತೀನಿ.”

ನ್ಯಾಯವಾದ ಮಾತು. ಕೋರ್ಟಿನವರ ಹೆಂಡತಿ ಅಲ್ಲವೇ.

ವಿಡಿಯೋ ಮಾಡಿ ಕೊಟ್ಟರೆ ಡೈರೆಕ್ಟರ್ ಕತ್ತರಿ ಹಾಕುತ್ತಾನೆ ಎಂಬುದು ಮೇಸ್ತ್ರಿಗೆ ಗೊತ್ತಿತ್ತು. ಆದರೆ ಲೈವ್ ಎಂಬುದೊಂದಿತ್ತು. ಆಡಿದ ಮಾತು ಆಡಿದ ಕೂಡಲೇ ಹೋಗಿಬಿಡುತ್ತದೆ, ಹಿಂದಕ್ಕೆ ಬರುವುದಿಲ್ಲ. ಡೈರೆಕ್ಟರ್ ವಾರಕ್ಕೊಮ್ಮೆ ಅವನನ್ನು ಹಾಗೆ ಕೂರಿಸುತ್ತಿದ್ದ. ನೋಡುವವರು ಗುಲಾಬಿ, ಕಿರೀಟ, ಸಿಂಹ ಎಂದು ಚಿತ್ರದ ಉಡುಗೊರೆಗಳನ್ನು ಎಸೆಯುತ್ತಿದ್ದರು. ಒಂದೊಂದು ಚಿತ್ರಕ್ಕೂ ಇಷ್ಟು ಎಂದು ಆಮೇಲೆ ಕಾಸಾಗುತ್ತಿತ್ತು. ಮೇಸ್ತ್ರಿ ಯಾವ ಗುಂಡಿ ಒತ್ತಬೇಕೆಂದು ನೋಡಿಟ್ಟುಕೊಂಡಿದ್ದ. ಟೈಪಿಸ್ಟರ ಹೆಂಡತಿಗೆ ಹೇಳಿಕಳಿಸಿ, ಮಧ್ಯಾಹ್ನ ಡೈರೆಕ್ಟರ್ ಇಲ್ಲದ ಹೊತ್ತಿನಲ್ಲಿ ಅಂಗಡಿಯ ಷಟರ್ ಅರ್ಧ ಇಳಿಸಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಗುಂಡಿ ಒತ್ತಿದ.

ನೂರು ಜನ ಬಂದರು, ಸಾವಿರವಾದರು, ಇನ್ನೂ ಬಂದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ.

“ನಾನೊಂದು ತಪ್ಪು ಮಾಡಿದೀನಿ. ಟೈಪಿಸ್ಟರ ಕುರ್ಚೀಲಿ ಓಲೆ ಸಿಗಲಿಲ್ಲ. ನಾವೇ ಇಟ್ಟಿದ್ದು. ನನ್ನ ಹೆಂಡತಿ ಓಲೆ ಅದು…”

ಗುಲಾಬಿಗಳು ಸುರಿದವು. ಕೆಳಗಿನಿಂದ ಮೇಲಕ್ಕೆ ಮಾತುಗಳು ಓಡತೊಡಗಿದವು. ಮೇಸ್ತ್ರಿ ಕಣ್ಣು ಕಿರಿದು ಮಾಡಿ ಓದಿದ. “ಅಜ್ಜ ಸೂಪರ್ ಆ್ಯಕ್ಟಿಂಗ್.” “ಏನ್ ಟ್ವಿಸ್ಟ್ ಗುರು!” “ಅಜ್ಜಿಗೂ ಟೈಪಿಸ್ಟ್‌ಗೂ ಲವ್ವಾ? ಮುಂದಿನ ಭಾಗ ಯಾವಾಗ?” “ಓಲೆ ಚೆನ್ನಾಗಿದೆ, ಲಿಂಕ್ ಹಾಕಿ.”

“ಇದು ಆ್ಯಕ್ಟಿಂಗ್ ಅಲ್ಲ ಕಣ್ರಪ್ಪ!” ಎಂದು ಮೇಸ್ತ್ರಿ ಕೂಗಿದ. ಕಿರೀಟ ಬಂತು. “ಆ ಮನುಷ್ಯ ಚಿನ್ನದಂಥವರು. ಅವರ ಹೆಂಡತಿ ಮುಂದೆ ನನಗೆ ಮುಖ ಎತ್ತೋಕೆ ಆಗ್ತಿಲ್ಲ. ನಾನು ಎಲ್ಲರ ಮುಂದೆ ಹೇಳ್ತಿದೀನಿ, ನಾವು…” ಅಷ್ಟರಲ್ಲಿ ಯಾವನೋ ಪುಣ್ಯಾತ್ಮ ಸಿಂಹವನ್ನೇ ಎಸೆದ. ಚಿನ್ನದ ಕೇಸರದ ಸಿಂಹ ಪರದೆಯ ತುಂಬ ಎದ್ದು ಬಂದು, ಮೇಸ್ತ್ರಿಯ ಮುಖವನ್ನು ಪೂರ್ತಿ ಮುಚ್ಚಿ, ದೊಡ್ಡದಾಗಿ ಗರ್ಜಿಸಿತು. ಅದರ ಹಿಂದೆ ಮೇಸ್ತ್ರಿ “ಮೋಸ ಮಾಡಿದ್ವಿ” ಎಂದ. ಕೇಳಿಸಿದ್ದು ಸಿಂಹಕ್ಕೊಂದಕ್ಕೇ ಇರಬೇಕು.

ಅವನು ಅತ್ತ. ಅಳುವುದೆಂದು ಮೊದಲೇ ಅಂದುಕೊಂಡಿರಲಿಲ್ಲ. ಸಿಂಹಗಳು ಸಾಲುಗಟ್ಟಿದವು.

ಷಟರ್ ಕೆಳಗಿನಿಂದ ಡೈರೆಕ್ಟರ್ ತಲೆಬಗ್ಗಿಸಿ ಒಳಗೆ ಬಂದ. ಫೋನಿನ ಕಡೆ ನೋಡಿದ. ಮೇಸ್ತ್ರಿ ಈಗ ಏನು ರಂಪವಾಗುತ್ತದೋ ಎಂದು ಕಾದ. ಡೈರೆಕ್ಟರ್ ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆಯಂಚಿನಲ್ಲಿ ನುಸುಳಿ ಹೋಗಿ, ಷಟರನ್ನು ಸ್ವಲ್ಪ ಮೇಲೆತ್ತಿ, ಭಾವನ ಒದ್ದೆ ಕೆನ್ನೆಯ ಮೇಲೆ ಬೆಳಕು ಬೀಳುವಂತೆ ಮಾಡಿದ.

ಅಂಟಿನ ಕಂಪನಿಯವರು ಸಂಜೆಯೇ ಫೋನ್ ಮಾಡಿದರು. ಒಪ್ಪಂದ ಮುರಿಯಲು ಅಲ್ಲ. ಇಂಥ ಹೃದಯಸ್ಪರ್ಶಿ ಕಲಾವಿದನ ಜೊತೆ ಎರಡು ವರ್ಷಕ್ಕೆ ಸಹಿ ಹಾಕುವ ಮನಸ್ಸಿದೆ ಎಂದು ಹೇಳಲು. ಡೈರೆಕ್ಟರ್ ಅದೇ ನಮೂನೆಯ ಹಸಿರು ಕಲ್ಲಿನ ಓಲೆ ಮಾರುವವರನ್ನು ಹುಡುಕಿ, ವಿಡಿಯೋದ ಕೆಳಗೆ ಲಿಂಕು ಹಾಕಿದ. ಮಾರನೆಯ ದಿನ ಮೇಸ್ತ್ರಿಯ ಹೆಂಡತಿ ತರಕಾರಿ ಅಂಗಡಿಗೆ ಹೋದಾಗ ಇಬ್ಬರು ಹುಡುಗಿಯರು ಅವಳ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಅವಳು ಬೈದುಕೊಂಡೇ ಬಂದಳು, ಆದರೆ ಬೈಗುಳದಲ್ಲಿ ಹಿಂದಿನ ಕಾರ ಇರಲಿಲ್ಲ.

ಎಲ್ಲರೂ ಗೆದ್ದರು. ಸೋತವನು ಮಾತ್ರ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಟೈಪಿಸ್ಟರ ಮನೆಗೆ ನಡೆದ. ಅದು ಜೊತೆಯಲ್ಲಿಲ್ಲದಿದ್ದರೆ ಅವನಿಗೆ ಹೊರಗೆ ನಡೆಯಲು ಬರುತ್ತಿರಲಿಲ್ಲ.

ಈ ಸಲ ಬಾಗಿಲು ಪೂರ್ತಿ ತೆರೆಯಿತು.

“ನೋಡಿದೆ ಮೇಸ್ತ್ರಿ,” ಎಂದಳು ಆಕೆ. “ಪೂರ್ತಿ ನೋಡಿದೆ.”

“ಒಂದೊಂದು ಮಾತೂ ನಿಜ ಅಮ್ಮಾವ್ರೇ.”

“ಓಲೆ ಸಿಕ್ಕಾಗಿನ ವಿಡಿಯೋನೂ ಮತ್ತೆ ಹಾಕಿಸ್ಕೊಂಡು ನೋಡಿದೆ. ಎರಡನ್ನೂ ಒಂದಾದ ಮೇಲೊಂದು. ಅದರಲ್ಲೂ ಇದೇ ಮುಖ. ಅದರಲ್ಲಿ ಎಷ್ಟು ನಿಜ ಕಾಣಿಸುತ್ತೋ ಇದರಲ್ಲೂ ಅಷ್ಟೇ ಕಾಣಿಸುತ್ತೆ. ಯಾವುದನ್ನ ಬಿಡ್ಲಿ, ಯಾವುದನ್ನ ಹಿಡೀಲಿ?”

ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು.

“ಅಂಗಡಿ ಮುಳುಗಿತೇ?”

“ಇಲ್ಲ.”

“ಎಷ್ಟು ಬಂತು?”

ಮೇಸ್ತ್ರಿಗೆ ಆಶ್ಚರ್ಯವನ್ನೂ ನಟಿಸಲು ಬರುತ್ತಿರಲಿಲ್ಲ, ಸುಳ್ಳನ್ನೂ ಹೇಳಲು ಬರುತ್ತಿರಲಿಲ್ಲ. “ಬಂತು,” ಎಂದ. “ಇದುವರೆಗೆ ಬಂದದ್ದರಲ್ಲಿ ಇದೇ ಜಾಸ್ತಿ.”

ಆಕೆ ತಲೆಯಾಡಿಸಿದಳು. “ಬದುಕಿರೋವರೆಗೂ ಕುಟ್ಟಿದ್ರು. ಪಾಪ, ಸತ್ತ ಮೇಲೂ ಬಿಡ್ತಿಲ್ಲ, ನಿಮ್ಮ ಮನೆಗೆ ದುಡೀತಿದಾರೆ.”

ಆಕೆ ಅವನ ಸೊಂಟದ ಕಡೆ ನೋಡಿದಳು. “ಇಕ್ಕಳ ಇದೆಯಲ್ಲ, ಬಿಚ್ಚಿ. ನನ್ನ ಕಣ್ಣೆದುರಿಗೆ.”

ಮೇಸ್ತ್ರಿ ಮಂಡಿಯೂರಿ ಕೂತು ತಾನೇ ಹೊಡೆದ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಹೊಸ ಕಂದು ಬಟ್ಟೆ ಮಡಚಿಕೊಂಡು ಕೆಳಗೆ ಬಿತ್ತು. ಆಕೆ ತೋಳು ಮೇಲೆಳೆದುಕೊಂಡು ಕುರ್ಚಿಯ ಹೊಟ್ಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿದಳು. ಬಲಗಡೆಯ ಹಿಂದಿನ ಮೂಲೆ ಮುಟ್ಟಿ ನೋಡಿದಳು, ಎಡಗಡೆಯದನ್ನು ನೋಡಿದಳು, ಸ್ಪ್ರಿಂಗಿನ ನಡುವೆ ಬೆರಳು ತೂರಿಸಿದಳು. ಎಲ್ಲೂ ಏನೂ ಇರಲಿಲ್ಲ. ಕೈ ತೆಗೆದಾಗ ಬೆರಳಿಗೆ ಒಂದೆರಡು ನಾರು ಅಂಟಿಕೊಂಡಿತ್ತು ಅಷ್ಟೇ.

“ಏನೂ ಇಲ್ಲ ನೋಡಿ ಅಮ್ಮಾವ್ರೇ,” ಎಂದ ಮೇಸ್ತ್ರಿ. ಅವನ ಧ್ವನಿಯಲ್ಲಿ ಚೂರು ಆಸೆ ಕಾಣಿಸಿಕೊಂಡಿತು.

“ಇರೋದೇನು? ಇದ್ದದ್ದನ್ನೆಲ್ಲ ನೀವು ಅವತ್ತೇ ತೆಗೆದಿದ್ರಲ್ಲ.” ಆಕೆ ನಾರನ್ನು ಕೊಡವಿದಳು. “ಇನ್ನೂ ಏನೇನು ಸಿಕ್ಕಿತ್ತೋ, ಏನನ್ನ ತೋರಿಸಿದ್ರೋ, ಏನನ್ನ ಬಚ್ಚಿಟ್ರೋ. ಮುಚ್ಚಿ.”

ಮೇಸ್ತ್ರಿ ಮುಚ್ಚಿದ. ಬಟ್ಟೆ ಎಳೆದು, ಅಂಚು ಮಡಚಿ, ಇಕ್ಕಳದ ತಲೆಯಿಂದಲೇ ಮೊಳೆ ಹೊಡೆದ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ಅವನ ಬೆನ್ನ ಹಿಂದೆ ನಿಂತು ಕೆಲಸ ನೋಡಿದ್ದಿಲ್ಲ. ಆಕೆ ನಿಂತು ನೋಡಿದಳು. ಒಮ್ಮೆ ಅವನು ಮೊಳೆಗೆಂದು ಜೇಬಿಗೆ ಕೈಹಾಕಿದಾಗ, “ಕೈ ಈಚೆ ತೆಗೆದು ತೋರಿಸಿ” ಎಂದಳು. ಅವನು ಅಂಗೈ ಬಿಡಿಸಿ ತೋರಿಸಿದ. ಮೊಳೆಗಳೇ ಇದ್ದವು.

ಕೆಲಸ ಮುಗಿದ ಮೇಲೆ ಕುರ್ಚಿಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಲು ಹೋದ.

“ಅಲ್ಲಿ ಬೇಡ,” ಎಂದಳು ಆಕೆ. “ಆ ಮೂಲೇಲಿಡಿ. ಗೋಡೆ ಕಡೆ ತಿರುಗಿಸಿ.”

ಮೇಸ್ತ್ರಿ ಕುರ್ಚಿಯನ್ನು ಎತ್ತಿ ಮೂಲೆಗೊಯ್ದು, ಅದರ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟ.